ಹಾಸಿನಾಗ ಸುತ್ತಿದ ಕಾದಂಬರಿ

ಬನಹಟ್ಟಿ
ತಾ. ೨೮ ನವೆಂಬರ ೧೯೫೩, ಶನಿವಾರ

ಚಿರಂಜೀವಿ ಗಿರಿಮಲ್ಲಪ್ಪಗ ನಿಮ್ಮಪ್ಪ ಶಿವಯೋಗೆಪ್ಪನ ಆಶೀರ್ವಾದ.

ಹೆಂಗದೀಯೋ? ಮಿಲ್ಲಿನ ಹತ್ತಿ ಧೂಳಿಗೆ ಕೆಮ್ಮು ಹತ್ತೇತಿ ಅಂತ ಹಿಂದಿನ ಪತ್ರದಾಗ ಬರದಿದ್ದಿ. ಬಿಸಿನೀರು ಕುಡಿ, ಬೀಡಿ ಬಿಡು. ಬೀಡಿ ಸೇದೂದು ನನಗ ಗೊತ್ತಿಲ್ಲ ಅಂತ ತಿಳಕೋಬ್ಯಾಡ. ಖಾನಾವಳಿ ರೊಟ್ಟಿ ರುಚಿ ಹತ್ತೂದಿಲ್ಲ ಅಂದಿದ್ದಿ, ಅದಕ್ಕ ನಾ ಏನ ಮಾಡ್ಲಿ? ಇಲ್ಲಿ ನಿಮ್ಮವ್ವ ಆರಾಮ ಅದಾಳ, ಮೊಣಕಾಲ ಒಂದೀಟು ಹಿಡೀತಾವ. ನಾನೂ ಆರಾಮ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕ ಕುಂತ ಕೈ ಇದು, ಅಕ್ಷರ ಅಂಕುಡೊಂಕು ಅದಾವಂತ ನಗಬ್ಯಾಡ. ಸಾವಕಾಶ ಓದು.

ಈಗ ಮುಖ್ಯದ್ದು ಕೇಳು. ನಿನ್ನ ಹೇಣ್ತಿ ರತ್ನಾ ಸೊಲ್ಲಾಪುರಕ್ಕ ಹೋಗತೇನಿ ಅಂತಾಳ. ದೀಪಾವಳಿ ಮುಂದ ನನ್ನ ಮಾರಿಗೇ ಅಂದ್ಲು, 'ಮಾವಾರ, ನಾನೂ ಅವರ ಹಂತ್ಯಾಕ ಹೋಗಿ ಇರತೇನ್ರಿ' ಅಂತ. ಆಕಿ ಹೋದರ ಲಾಳ್ಯಾಗ ಹಾಕೂ ನೂಲಿನ ಕಂಡಿಕಿ ಸುತ್ತಾವ್ರು ಯಾರು? ಕಂಡಿಕಿ ಇಲ್ಲದ ಲಾಳಿ ಓಡತೈತೇನು? ನೀ ವರ್ಷದಾಗ ಹಬ್ಬಕ್ಕ ಎರಡ ಸಲ ಬಂದ ಹೋಗ್ತಿ, ಅಷ್ಟ ಸಾಕು ಅಂತ ನನ್ನ ವಿಚಾರ. ಯಾಕ ಹೋಗ್ತಿ ಅಂತ ಕೇಳಿದೆ. ಕಾಲಬೆರಳ ನೋಡಕೋತ ನಿಂತ್ಲು. ಕಾರಣ ಹೇಳದವರ ಮಾತಿಗೆ ಹೂಂ ಅನ್ನೂ ಮನಷ್ಯಾ ನಾ ಅಲ್ಲ. ಆಗೂದಿಲ್ಲ ಅಂದೆ, ಮುಗೀತು ಅಂತ ತಿಳಕೊಂಡೆ.

ಮುಗೀಲಿಲ್ಲ. ಎಲ್ಲಾ ನಿನ್ನ ಪುಸ್ತಕದ ಪ್ರತಾಪ. ನೀ ಅಲ್ಲಿ ಓದಿ ಓದಿ ಬಸ್ಸಿನವರ ಕೈಯಾಗ ಕೊಟ್ಟು ಕಳಸ್ತಿ, ಇಲ್ಲಿ ಆಕಿ ಓದತಾಳ. ಮನಸಿನಾಗ ಓದಿದ್ದರ ನನ್ನ ಗಂಟೇನೂ ಹೋಗತಿದ್ದಿಲ್ಲ. ಕಂಡಿಕಿ ಸುತ್ತಾಕ ಬರೂ ಹೆಂಗಸರ ಮುಂದ ಗಟ್ಟಿಯಾಗಿ ಓದೂದು, ಅವರು ರಾಟಿ ನಿಂದರಿಸಿ ಬಾಯಿ ತಕ್ಕೊಂಡು ಕೇಳೂದು! ಮೊದಲ ಓಣ್ಯಾಗ ಹೆಂಗಸರು ಭೆಟ್ಟಿ ಆದರ 'ಏನ ಪಲ್ಯಾ ಮಾಡೀ ಬೇ' ಅಂತಿದ್ರು. ಈಗ 'ಏನ ಓದಾಕತ್ತೀರಿ ಬೇ ನಿಮ್ಮ ಮನ್ಯಾಗ' ಅಂತಾರ. ಸಾಲಿ ಮಾಸ್ತರ ಮನಿಯವರು ಕಾಶೀಬಾಯಿ, ಮಡೀಲೇ ನಮ್ಮ ಹೊಸ್ತಿಲದ ಹೊರಗ ನಿಂತು, 'ರತ್ನಾ, ಆ ಮರಾಠಿ ಕಾದಂಬರಿ ಬಿಡು, ಬರೇ ಅಳೂದ ಅದ. ಇದನ್ನ ಓದು, ನಗಿ ಬರ್ತದ' ಅಂತ ಪುಸ್ತಕ ಒಳಗ ಸರಿಸಿ ಹೋಗತಾರ. ಇಷ್ಟೂ ತಡಕೊಂಡೆ. ಆದರ ಒಂದಿನ ನಿಮ್ಮವ್ವ, ಅಕ್ಷರ ಅಂದರ ಇರವಿ ಸಾಲು ಅನ್ನೂ ನಿಮ್ಮವ್ವ, ಹಾಲಿನಾಕಿಗೆ ಹೇಳಾಕತ್ತಿದ್ಲು, 'ಕೆಂಪು ರಟ್ಟಿಂದು ಈಗ ಸುರು ಆಗೇತಿ, ಅದನ್ನ ಓದಿಸಿ ಕೇಳು ತಂಗಿ, ನೀಲಿ ರಟ್ಟಿಂದು ಬರೇ ಸುಳ್ಳ ಐತಿ' ಅಂತ. ನಾ ನೇಯ್ದ ಸೀರಿ ನೋಡಿ ಇದು ಛಲೋ, ಇದು ಕೆಟ್ಟ ಅಂತ ಒಂದಿನ ಅಂದಾಕಿ ಅಲ್ಲ ಆಕಿ!

ಆ ಕೆಂಪು ರಟ್ಟಿನ ಪುಸ್ತಕಾನ ಗುದ್ದಾಟಕ್ಕ ಕಾರಣ. ಅವತ್ತು ನಮ್ಮಲ್ಲಿ ನೇಯೂ ಹೊಳೆಪ್ಪನ ಮಗ್ಗಕ್ಕ ಹೊಸಾ ಹಾಸಿನ ಉದ್ದನ್ನ ಎಳಿ ಹಿಂದಿನ ದಿಂಡಿಗೆ ಸುತ್ತೂದಿತ್ತು. ನಿನಗ ಗೊತ್ತೈತಿ, ದಿಂಡಿಗೆ ಸುತ್ತುವಾಗ ಸುತ್ತು ಸುತ್ತಿಗೂ ನಡುವ ಕಾಗದ ಹಾಕದಿದ್ದರ ಮ್ಯಾಲಿನ ಎಳಿ ಕೆಳಗಿನ ಎಳ್ಯಾಗ ಹುದುಗಿ ಹರೀತಾವ. ರದ್ದಿ ಕಾಗದ ತೀರಿತ್ತು. ತಾ ಅಂತ ರತ್ನಾನ್ನ ಕೂಗಿದೆ. 'ಬಂದ್ರಿ' ಅಂದ್ಲು, ಬರಲಿಲ್ಲ. ಓದು ನಡದಿತ್ತು, ಅದೂ ಅವತ್ತ ದನಿ ಏರಿಸಿ, ಅಂಗಳದ ತನಕ ಕೇಳೂ ಹಂಗ. ಮತ್ತೊಮ್ಮಿ ಕೂಗಿದೆ. ನನ್ನ ಸಿಟ್ಟು ನಿನಗ ಹೊಸಾದಲ್ಲ. ಹೋಗಿ ಕೈಯಾಗಿನ ಪುಸ್ತಕ ಕಸಗೊಂಡೆ, ರಟ್ಟು ಕಿತ್ತ ಒಗದೆ, ಮೊದಲಿನ ಹಾಳಿಯಿಂದ ಹಿಡದು ಹರಕೋತ, ಒಂದರ ಬಾಜೂಕ ಒಂದು ಜೋಡಿಸಿ, ಹಾಸಿನಾಗ ಸುತ್ತಿಬಿಟ್ಟೆ. 'ಬ್ಯಾಡ್ರಿ ಮಾಲಕರ, ಮಂದಿ ಪುಸ್ತಕ' ಅಂದ ಹೊಳೆಪ್ಪ. 'ನೀ ಸುಮ್ನ ದಿಂಡ ತಿರುವಲೇ' ಅಂದೆ. ರತ್ನಾ ಅಳಲಿಲ್ಲ. 'ಅದು ನಂದಲ್ಲರಿ, ನಿಮ್ಮ ಮಗಂದು. ನಾ ಇನ್ನೂ ನಾಕ ಹಾಳಿ ಓದಿದ್ದೆ' ಅಂದು ರಾಟಿಗೆ ಕುಂತ್ಲು. ಅವತ್ತಿಂದ ಮನ್ಯಾಗ ಓದು ಬಂದ್, ನಗಿ ಬಂದ್, ಮಾತೂ ಬಂದ್. ನಾ ಗೆದ್ದೆ ಅಂದ್ಕೊಂಡೆ.

ಮುಂದ ಆದದ್ದು ಕೇಳು. ಹೊಳೆಪ್ಪ ನೇಯಾಕ ಸುರು ಮಾಡಿದ. ಸೀರಿ ಮುಂದ ಹೋದಂಗ ಹಿಂದ ದಿಂಡು ಬಿಚ್ಚತೈತಿ, ದಿಂಡು ಬಿಚ್ಚಿದಂಗ ಹಾಳಿ ಉದುರತಾವ. ಸುತ್ತುವಾಗ ಕಡೀಕ ಹಾಕಿದ್ದು ಮೊದಲ ಹೊರಗ! ಹೆಂಗಸರು ಆರಿಸಿಕೊಂಡು ಹೋಗಿ ರತ್ನಾನ ಮುಂದ ಇಟ್ರು. 'ಹಿಂದ ಮುಂದ ಆದ ಕತಿ ನಾ ಓದೂದಿಲ್ಲ' ಅಂತ ಆಕಿ ಮಾರಿ ತಿರುವಿದ್ಲು. ಆಗ ನಿಮ್ಮವ್ವ ಆ ಹಾಳಿ ತಂದು ನನ್ನ ತೊಡಿ ಮ್ಯಾಲ ಒಗದು, 'ಹರದಾಂವನ ಓದಲಿ' ಅಂದ್ಲು. ಎಲ್ಲಾರ ಮುಂದ! ಮಗ್ಗದ ಸಪ್ಪಳ ನಿಂತಿತು. ಮುದುಕಗ ಓದಾಕ ಬರೂದಿಲ್ಲ ಅಂತ ಒಬ್ಬಾಕಿ ಪಿಸುಗುಟ್ಟಿದ್ಲು, ನನಗ ಜಿದ್ದು ಬಂತು. ನಿನ್ನ ಪತ್ರಾ, ನೂಲಿನ ಗಂಟಿನ ಮ್ಯಾಲಿನ ಛಾಪಾ ಬಿಟ್ಟರ ಬ್ಯಾರೆ ಏನೂ ಓದದ ಕಣ್ಣೋ ಇವು. ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ.

ಹೊಳಿದಂಡಿ ಊರಿನ ಒಬ್ಬ ಸೊಸಿ, ಗಂಡ ದೂರದ ಪಟ್ಟಣದಾಗ. ನೀ ಓದಿದಾಂವ, ನಿನಗ ಗೊತ್ತಿದ್ದೀತು. ಮೊದಲ ಉದುರಿದ ಹಾಳ್ಯಾಗ ಆಕಿ ಯಾರನ್ನೂ ಕೇಳದ ನಾವಿ ಹತ್ತಿ ಹೋಗೇ ಬಿಟ್ಟಾಳ! ಹೋದದ್ದು ಗೊತ್ತಾತು, ಯಾಕ ಹೋದ್ಲು ಅನ್ನೂದು ದಿಂಡಿನಾಗ ಉಳೀತು. 'ಇದು ಸುಳ್ಳು, ಮರ್ಯಾದಿ ಇದ್ದ ಮನಿ ಹೆಣ್ಣು ಹಿಂಗ ಹೋಗೂದಿಲ್ಲ' ಅಂದೆ. 'ತಡೀರಿ, ಇನ್ನೊಂದ ಮಳ ನೇಯ್ಲಿ, ತಿಳೀತೈತಿ' ಅಂದ್ರು. ಅವತ್ತಿಂದ ಹೊಳೆಪ್ಪ ಚಾಕ್ಕೂ ಏಳವಲ್ಲ. ಸೀರಿ ಯಾವಾಗ ಕೊಡ್ತಿ ಅಂತ ನಾ ಕೂಗೂ ಕೂಗಿಗೆ ಎಂದೂ ಅವಸರ ಮಾಡದಾಂವ, ಕತಿ ಸಲುವಾಗಿ ಕುದರಿ ಓಡಿಸಿದಂಗ ಲಾಳಿ ಓಡಿಸಿದ! ಕಾಶೀಬಾಯಿ ಮಡಿ ಮರತು ಒಳಗ ಬಂದು ಕುಂತ್ರು. ರಬಕವಿಯಿಂದ ಮಂದಿ ನಡಕೋತ ಬಂದ್ರು. ಮಹಾಲಿಂಗಪುರದ ವ್ಯಾಪಾರಿ ಮಾಲು ನೋಡಾಕ ಬಂದಾಂವ, 'ಸೀರಿ ಇರಲಿರಿ, ಇವತ್ತ ಹಾಳಿ ಏನ ಬಂತು?' ಅಂದ. ನನ್ನ ಮಗ್ಗದ ಮನಿ ವಾಚನಾಲಯ ಆತೋ!

ಹಾಸು ಅರ್ಧಕ್ಕ ಬಂದಾಗ ಕತ್ಯಾಗ ಒಬ್ಬ ಮಾವ ಬಂದ. ಸಿಡಕ ಮುದುಕ. ಸೊಸಿ ಹೋಗತೇನಿ ಅಂದರ, 'ಹೊಳಿಯಿಂದ ನೀರ ಹೊರಾವ್ರು ಯಾರು' ಅಂತಾನ. ಓದಿ ತಲಿ ಎತ್ತಿದರ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ. 'ಏನ ನೋಡ್ತೀರಿ? ಅಂವಗ ಮೀಸಿ ಐತಿ, ನನಗೆಲ್ಲೈತಿ?' ಅಂದೆ. 'ಅವಂದೂ ಬೋಳಿಸಿದರ ಆತು' ಅಂದ್ಲು ನಿಮ್ಮವ್ವ. ಮಗ್ಗದ ಮನಿ ಹಾರಿ ಹೋಗೂ ಹಂಗ ನಕ್ಕರು. ರತ್ನಾನೂ ಸೆರಗು ಬಾಯಿಗೆ ಹಿಡದು ನಕ್ಕಳು. ಬರದಾಂವ ಯಾವಂವೋ, ನನ್ನ ಮನಿ ಮಾತು ಅಂವಗ ಯಾರ ಹೇಳಿದ್ರು? ಅವತ್ತ ನನಗ ಉಣ್ಣೂದು ಸೇರಲಿಲ್ಲ.

ಮೊನ್ನಿ ಹಾಸು ತೀರಿತು. ಕಡೀಕ ಹೊರಗ ಬಂದದ್ದು ಪುಸ್ತಕದ ಮೊದಲಿನ ಹಾಳಿ, ಅವತ್ತ ರತ್ನಾ ಓದಾಕತ್ತಿದ್ದಳಲ್ಲ, ಅವ. ಆ ಸೊಸಿ ಮದುವ್ಯಾಗಿ ಬಂದಾಳ, ಆದರ ಗಂಡಗ ಯಾವ ಪಲ್ಯಾ ಸೇರೂದಿಲ್ಲ ಅನ್ನೂದು ಆಕಿಗೆ ಗೊತ್ತಿಲ್ಲ. ಅಂವ ಸಿಟ್ಟಾದರ ಮಾತ ಬಿಡತಾನೋ, ಬೈತಾನೋ ಗೊತ್ತಿಲ್ಲ. ಜ್ವರ ಬಂದರ ಏನ ಬೇಡತಾನ, ಅದೂ ಗೊತ್ತಿಲ್ಲ. ಎಲ್ಲಾ ಅತ್ತಿನ್ನ ಕೇಳಿ ತಿಳಕೊಂಡಾಳ. ಹೊಸಾ ಅಂಗಿ ತೊಟ್ಟು ಹಬ್ಬಕ್ಕ ಬಂದ ಗಂಡನ್ನಷ್ಟ ಆಕಿ ನೋಡ್ಯಾಳ, ಬರೇ ದಿನದ ಗಂಡನ್ನ ನೋಡಿಲ್ಲ. ಇಷ್ಟ ಓದಿ ಹಾಳಿ ಕೆಳಗ ಇಟ್ಟೆ. ಯಾರೂ ನಗಲಿಲ್ಲ. ರತ್ನಾ ರಾಟಿ ಬಿಟ್ಟು ಎದ್ದು ನಿಂತ್ಲು. 'ಮಾವಾರ, ಯಾಕ ಹೋಗ್ತಿ ಅಂತ ಕೇಳಿದ್ರಿ. ನನಗ ಹೇಳಾಕ ಮಾತ ಸಿಗಲಿಲ್ಲ. ಇದರಾಗ ಸಿಕ್ಕಿತ್ರಿ. ಅದಕ್ಕ ಅವತ್ತ ಗಟ್ಟಿಯಾಗಿ ಓದಾಕತ್ತಿದ್ದೆ, ಅಂಗಳದಾಗ ನಿಮಗ ಕೇಳ್ಲಿ ಅಂತ' ಅಂದ್ಲು.

ಗಿರಿಮಲ್ಲಾ, ಇಷ್ಟು ವರ್ಷದಾಗ ನನಗ ಯಾರೂ ಹಂಗ ಹೊಡದಿರಲಿಲ್ಲ. 'ಚಾ ಇಡ್ರಿ ಯಾರರೆ' ಅಂತ ಒದರಿ ಹೊರಗ ಹೋಗಿ ಕುಂತೆ. ಎರಡ ದಿನಾ ಆತು, ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಹಾಳಿ ಎಲ್ಲಾ ಕಾಶೀಬಾಯಿ ಅಂಕಿ ನೋಡಿ ಜೋಡಿಸಿ, ಹೊಲದು ಕೊಟ್ಟಾರ. ಎಣ್ಣಿ ಹತ್ತೇತಿ, ಆದರ ಓದಾಕ ಬರತೈತಿ.

ನಿಮ್ಮವ್ವ ನಿನಗ ಆಶೀರ್ವಾದ ಹೇಳ್ಯಾಳ. ಓಣಿಯವರೆಲ್ಲಾ ಕೇಳ್ಯಾರ, ಇನ್ನೊಂದು ಛಲೋ ಪುಸ್ತಕ ಕಳಸಬೇಕಂತ. ದಪ್ಪಂದು ಕಳಸು. ಅದರಾಗ ಮಾವ ಇರಬಾರದು. ಶರೀರ ಜ್ವಾಕಿ. ದೇವರು ನಿನ್ನ ಕೆಮ್ಮು ಕಳದು ಛಲೋ ಇಟ್ಟಿರಲಿ.

ಇಂತಿ ನಿಮ್ಮಪ್ಪ,
ಶಿವಯೋಗೆಪ್ಪ

ತಾ.ಕ.: ಅವಸರದಾಗ ಬರಿಯಾಕತ್ತೇನಿ, ಬಸ್ಸು ಹಾರ್ನ್ ಹೊಡ್ಯಾಕತ್ತೇತಿ. ಈ ಪತ್ರಾ ನಾ ಟಪಾಲಿಗೆ ಹಾಕಿಲ್ಲ. ಹೊಳೆಪ್ಪ ನೂಲು ತರಾಕ ಸೊಲ್ಲಾಪುರಕ್ಕ ಹೊಂಟಾನ, ಅವನ ಜೋಡಿ ಕಳಿಸೇನಿ. ಪತ್ರಾ ನಿನ್ನ ಕೈಯಾಗ ಕೊಟ್ಟಾಕಿ ಇಷ್ಟೊತ್ತೂ ನಿನ್ನ ಚಾಳದ ಬಾಗಲದಾಗ ನಿಂತಿರಬೇಕು. ಓದೂದು ಸಾಕ ಮಾಡೋ ಹುಚ್ಚಾ, ಆಕಿನ್ನ ಒಳಗ ಕರಿ.