ಮಗಳ ಫ್ರೀಶಿಪ್‌ಗೆ ಒಂದು ಹೇಳಿಕೆ

೧೬-೬-೧೯೫೮, ಸೋಮವಾರ. ಕೆಂಗೇರಿ

ಗೂಡ್ಸ್ ಗಾಡಿ ಇವತ್ತೂ ತಡ. ಸ್ಟೇಷನ್ನಿನಲ್ಲಿ ಕೂತು ಬೆಲ್ಲದ ಮೂಟೆಗಳಿಗೆ ರಸೀದಿ ಬರೆಯುತ್ತಿದ್ದೆ. ಕಿಟಕಿಯಾಚೆ ಒಬ್ಬ ಹುಡುಗಿ.

"ಕೃಷ್ಣಯ್ಯನವರು ಅಂದ್ರೆ ನೀವೇನಾ?"

ಹೌದೆಂದೆ.

"ನಾನು ಅನಂತಲಕ್ಷ್ಮಿ. ವತ್ಸಲಾ ಅವರ ಮಗಳು."

ನನ್ನ ಮಗಳು. ಹತ್ತು ವರ್ಷವಾಯಿತು ನೋಡಿ. ನಾನು ಅಲಮೇಲುವನ್ನು ಎರಡನೆಯ ಮದುವೆಯಾದಾಗ ಇವಳು ಏಳು ವರ್ಷದವಳು. ತಾಯಿಯ ಕೈ ಹಿಡಿದು ಹೊರಟುಹೋದಳು. ಹೋದ ವರ್ಷ ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು.

ಈಗ ಕಾಲೇಜು ಸೇರಬೇಕಂತೆ. ಫೀಸು ಮಾಫಿಗೆ ಹಾಕಿದ ಫ್ರೀಶಿಪ್ ಅರ್ಜಿ ವಾಪಸು ಬಂದಿದೆ. ನಿಯಮದ ಪ್ರಕಾರ ಮಕ್ಕಳು ತಂದೆಯ ಮನೆಯವರು. ನೋಡುವುದು ತಂದೆಯ ಸಂಬಳವನ್ನೇ. ನನ್ನದು ರೈಲ್ವೆ ನೌಕರಿ — ಫ್ರೀಶಿಪ್ ಇಲ್ಲ.

"ನಾನು ನಿಮ್ಮನೇಲಿಲ್ಲ, ನನ್ನ ಓದಿಗೆ ನೀವೇನೂ ಕೊಟ್ಟಿಲ್ಲ ಅಂತ ಅಮಲ್ದಾರರ ಕಚೇರೀಲಿ ಬರ್ಕೊಡ್ಬೇಕು. ಮುಂದಿನ ಸೋಮವಾರ ಕಡೇ ದಿನ. ನಾನು ಅಲ್ಲಿರ್ತೀನಿ."

"ಫೀಸು ನಾನೇ ಕಟ್ತೀನಮ್ಮ."

"ಬೇಡಿ. ಇಲ್ಲೀವರ್ಗೂ ಅಮ್ಮ ಬಟ್ಟೆ ಹೊಲಿದು ಓದಿಸಿದಾರೆ. ನಿಜ ಬರ್ಕೊಡಿ, ಸಾಕು."

ನೀರೂ ಕುಡಿಯದೆ ಹೋದಳು.

೧೭-೬

ಆಗುವುದಿಲ್ಲ. ಕಚೇರಿಯಲ್ಲಿ ಬರೆದರೆ ಊರಿಗೇ ಸುದ್ದಿ. ಆಮೇಲೆ ಸ್ಟೇಷನ್ನಿನಲ್ಲಿ ಯಾವ ಮುಖ...

೨೧-೬, ಬೆಳಿಗ್ಗೆ

ಅಲಮೇಲುವಿಗೆ ಹೇಳಿದೆ. ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

"ನಾಚ್ಕೋಬೇಕಾದ್ದು ಬರೆಯೋಕಲ್ಲ ಕಣ್ರೀ."

ಅಷ್ಟೇ. ತಲೆ ಎತ್ತಲಿಲ್ಲ.

೨೩-೬, ಸೋಮವಾರ

ರಜೆ ಹಾಕಿ ಅಮಲ್ದಾರರ ಕಚೇರಿಗೆ ಹೋದೆ. ಅನಂತಲಕ್ಷ್ಮಿ ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದಳು. ಗುಮಾಸ್ತ ಹನುಮಂತಯ್ಯ ಕೇಳುತ್ತಾ ಬರೆದುಕೊಂಡರು. ದೊಡ್ಡ ಗಂಟಲು.

"ಮಗಳ ವಾಸ?"

"ರಾಜಾಜಿನಗರ."

"ಮನೆ ನಂಬರು?"

ಗೊತ್ತಿರಲಿಲ್ಲ. ಅವಳೇ ಹೇಳಿದಳು.

"ಖರ್ಚಿಗೆ ಏನಾದ್ರೂ ಕೊಟ್ಟಿದ್ದೀರಾ?"

"ಇಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಅವಳು ನೆಲ ನೋಡುತ್ತಿದ್ದಳು. ನನಗಾಗಿ ಅವಳಿಗೆ ನಾಚಿಕೆಯಾಯಿತೇನೋ. ಸಹಿ ಹಾಕಿದೆ.

ಹೊರಗೆ ಬಂದ ಮೇಲೆ "ಬರ್ತೀನಿ" ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ನೀವು ಬರಲ್ಲ ಅಂತ ಅಮ್ಮ ಅಂದಿದ್ರು. ಬರ್ತಾರೆ ಅಂತ ನಾನಂದಿದ್ದೆ."

೧೧-೭, ಶುಕ್ರವಾರ

ಅವಳ ಕಾರ್ಡು ಬಂತು. ಫ್ರೀಶಿಪ್ ಸಿಕ್ಕಿದೆ. ಸೋಮವಾರದಿಂದ ಕಾಲೇಜು. ಎರಡೇ ಸಾಲು. ಅಲಮೇಲು ಮತ್ತೆ ಮತ್ತೆ ಓದಿಸಿಕೊಂಡಳು.

"ಒಂದು ಭಾನುವಾರ ಊಟಕ್ಕೆ ಕರೀರಿ. ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಕರೆಯೋದು ನಮ್ಮ ಕೆಲಸ."

ಪೋಸ್ಟಾಫೀಸಿನಿಂದ ಕಾರ್ಡು ತಂದು ಕೂತಿದ್ದೇನೆ. "ಚಿ. ಅನಂತಲಕ್ಷ್ಮಿಗೆ ಆಶೀರ್ವಾದಗಳು" ಎಂದು ಬರೆದೆ. ಊಟಕ್ಕೆ ಬಾ ಎಂದೂ ಬರೆದೆ. ತಾಯಿಯನ್ನು ಕೇಳಿಯೇ ಬಾ ಎಂದು ಸೇರಿಸಿದೆ. ಇನ್ನು ಕೆಳಗೆ ಸಹಿಯೊಂದು ಉಳಿದಿದೆ — ಇಂತಿ, ನಿನ್ನ...