ಕಲ್ಮೇಶನ ವಿಮಾನಕ್ಕೆ ಹೊಸ ಮದರ್‌ಬೋರ್ಡು

ಬನಹಟ್ಟಿ
ಮೇ ೧೧, ೨೦೨೬, ಸೋಮವಾರ

ನನ್ನಪ್ಪ ಕಲ್ಮೇಶಾ,

ಹೇಗಿದ್ದೀಯ? ಗಾಯದ ಜಾಗ ಪೂರ್ತಿ ಒಣಗಿತೋ, ಇನ್ನೂ ಉರಿಯುತ್ತದೋ? ನಿದ್ದೆ ಬರುತ್ತದೆಯೇ? ಹೊಟ್ಟೆ ತುಂಬ ಉಣ್ಣುತ್ತೀಯೋ, ತಾಟನ್ನು ಹಾಗೇ ತಿರುಗಿ ಕಳಿಸುತ್ತೀಯೋ? ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ, ಇಡ್ತೇನಿ ಬೇ" ಎಂದು ಇಟ್ಟೇಬಿಡುತ್ತೀಯ. ಅದಕ್ಕೇ ಕಾಗದ ಬರೆಯಲು ಕುಳಿತೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಾಳೆ ಮುಂಜಾನೆಯ ಬಸ್ಸಿಗೆ ನಿಮ್ಮಪ್ಪ ಈ ಕಾಗದ, ರೊಟ್ಟಿ, ಶೇಂಗಾ ಚಟ್ನಿ ಹಿಡಿದುಕೊಂಡು ಬೆಳಗಾವಿಯ ಆಸ್ಪತ್ರೆಗೆ ಬರುತ್ತಾರೆ. ನೀನು ಪೂರ್ತಿ ಓದಿ ಮುಗಿಸುವವರೆಗೆ ಚಟ್ನಿಯ ಡಬ್ಬಿ ಬಿಚ್ಚಬೇಡಿರಿ ಎಂದು ಅವರಿಗೆ ಹೇಳಿಯೇ ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ನಿಮ್ಮಜ್ಜಿ ಬೋರವ್ವನಿಗೆ ಮೊಣಕಾಲು ನೋವು ಇದ್ದದ್ದೇ. ಆದರೂ ಬಾಗಿಲಲ್ಲಿ ಕುಳಿತು ಹೋಗಿ ಬರುವವರಿಗೆಲ್ಲ "ನಮ್ಮ ಹುಡುಗ ಮುಂದಿನ ವಾರ ಬರ್ತಾನ" ಎಂದು ಸಾರುತ್ತಿದ್ದಾಳೆ. ನೀನು "ಮನಿಗೆ ಬಂದು ಏನ ಮಾಡ್ಲಿ, ಇಲ್ಲೇ ಇರ್ತೇನಿ" ಎಂದದ್ದನ್ನು ನಾನು ಅವಳಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಮಧ್ಯಾಹ್ನದಿಂದ ಕರೆಂಟ್ ಹೋಗಿದೆ, ನಾಲ್ಕೂ ಮಗ್ಗ ಬಾಯಿ ಮುಚ್ಚಿವೆ. ಓಣಿಯೆಲ್ಲ ಇಷ್ಟು ಸುಮ್ಮನಿದ್ದರೆ ನನಗಂತೂ ಕಿವಿ ಕೆಟ್ಟಿತೇನೋ ಎನಿಸುತ್ತದೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೀನು ವಿಮಾನ ಹಾರಿಸುವ ಆಟ ಆಡುತ್ತಿದ್ದ ಕಂಪ್ಯೂಟರ್ ತಾನಾಗಿ ಕೆಡಲಿಲ್ಲ, ನಾನೇ ಕೆಡಿಸಿದೆ. ಆಸ್ಪತ್ರೆ ಸೇರಿದ ಹೊಸದರಲ್ಲಿ "ವಾರಕ್ಕೊಮ್ಮೆ ಚಾಲೂ ಮಾಡಿ ಇಡ ಬೇ, ಅರ್ಧ ತಾಸು ನಡೀಲಿ" ಎಂದಿದ್ದೆಯಲ್ಲ, ಒಂದು ವಾರವೂ ತಪ್ಪಿಸಲಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು ಏರಿತು. ಬಿಸಿಲು ಏರಿದರೆ ನಮ್ಮ ಕೈಗೆ ಗೊತ್ತಿರುವ ಕೆಲಸ ಒಂದೇ: ಮಗ್ಗದ ಕೋಣೆಯ ನೆಲಕ್ಕೆ ನೀರು ಹೊಡೆ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟು. ಗಾಳಿ ಒಣಗಿದರೆ ಎಳೆ ಹರಿಯುತ್ತದೆ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದೇನೆ. ನಿನ್ನ ಪೆಟ್ಟಿಗೆ ಮುಟ್ಟಿ ನೋಡಿದರೆ ಕಾದಿತ್ತು. ಪಾಪ, ಒಣಗಿ ಹೋದೀತು ಎಂದು ಹಳೆಯ ನೂಲಿನ ಸೀರೆಯೊಂದನ್ನು ತೋಯಿಸಿ, ಹಿಂಡಿ, ಮೇಲೆ ಹೊದಿಸಿ ಚಾಲೂ ಮಾಡಿದೆ. ಹತ್ತಿಯ ಧೂಳು ಕೂಡ ಒಳಗೆ ಹೋಗುವುದಿಲ್ಲ, ಎಂಥಾ ಶಾಣ್ಯಾ ಹೆಂಗಸು ನಾನು ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಹತ್ತು ನಿಮಿಷಕ್ಕೆ ಟಪ್ ಎಂದಿತು. ಸುಟ್ಟ ವಾಸನೆಗೆ ನಿಮ್ಮಪ್ಪ ಮಗ್ಗ ಬಿಟ್ಟು ಓಡಿ ಬಂದರು. ಸೀರೆ ಎತ್ತಿ ನೋಡಿ, ನನ್ನ ಮುಖ ನೋಡಿ, "ಏ ನಂದಾ, ಇದನ್ನೂ ಮಗ್ಗ ತಿಳದೀ ಏನ?" ಎಂದರು.

ಫೋನಿನಲ್ಲಿ ನಿನಗೆ "ಕೆಟ್ಟೈತಿ" ಎಂದಷ್ಟೇ ಹೇಳಿದೆ. ನೀನು ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. "ಹೋಗ್ಲಿ ಬಿಡ ಬೇ, ಕಾಲ ಇಲ್ಲದಾವ ವಿಮಾನದ ಪೆಡಲ್ ಹೆಂಗ ತುಳೀಲಿ? ಮಾರಿಬಿಡ" ಅಂದುಬಿಟ್ಟೆ. ಕಲ್ಮೇಶಾ, ಮಹಾಲಿಂಗಪುರದ ರಸ್ತೆಯಲ್ಲಿ ಆ ಕಬ್ಬಿನ ಟ್ರ್ಯಾಕ್ಟರ್ ನಿನ್ನ ಬಲಗಾಲು ತೆಗೆದುಕೊಂಡ ದಿನವೂ ನಾನು ಅಷ್ಟು ಅಳಲಿಲ್ಲ. ಅವತ್ತು ಜೀವ ಉಳಿಯಿತಲ್ಲ ಎಂಬ ಸಮಾಧಾನವಿತ್ತು. ಈ ಮಾತು ಕೇಳಿದ ಮೇಲೆ ಉಳಿದದ್ದು ಏನು ಎಂದು ಹೆದರಿಕೆಯಾಯಿತು. ಹಗಲೆಲ್ಲ ಸೀರೆಗಳ ಡಿಸೈನು ಕೂಡಿಸಿ, ಆರು ವರ್ಷ ಒಂದೊಂದೇ ಸಾಮಾನು ತಂದು ಜೋಡಿಸಿದವನು ನೀನು. ಒಂದು ಸಂಜೆ ನನ್ನ ಕೈ ಹಿಡಿದು ಎಳೆದೊಯ್ದು "ಇಲ್ನೋಡ ಬೇ, ಇದು ಕೃಷ್ಣಾ ಹೊಳಿ, ಇದು ಜಮಖಂಡಿ" ಎಂದು ಪರದೆಯ ಮೇಲೆ ತೋರಿಸಿದರೆ, ನಾನು "ಮ್ಯಾಲಿಂದ ನೋಡಿದ್ರ ಕೆಳಗಿನ ಕೆಲಸ ಆಗತೈತೇನ್ಲೇ?" ಎಂದು ಗದರಿದೆ. ಹಾಗೆ ಗದರಬಾರದಿತ್ತು. ಅವತ್ತೇ ನಿನ್ನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು! ಹಾಗಾಗಿ ತೀರ್ಮಾನ ಮಾಡಿದೆ: ಮಾರುವ ಮಾತೇ ಇಲ್ಲ, ನಾನು ಸುಟ್ಟಿದ್ದನ್ನು ನಾನೇ ಸರಿ ಮಾಡುತ್ತೇನೆ.

ಜಮಖಂಡಿಯ ನಿನ್ನ ಗೆಳೆಯ ವಿಜಯನ ಕಂಪ್ಯೂಟರ್ ಅಂಗಡಿಗೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಬಿಚ್ಚಿ ನೋಡಿ, ಮದರ್‌ಬೋರ್ಡು ಮಾತ್ರ ಸುಟ್ಟಿದೆ, ಪ್ರೊಸೆಸರ್, ರ್ಯಾಮ್, ಗ್ರಾಫಿಕ್ಸ್ ಕಾರ್ಡು ಜೀವಂತ ಇವೆ ಎಂದ. ದೇವರು ದೊಡ್ಡವನು. ಮೂರು ಬೋರ್ಡು ತಂದು ಮುಂದಿಟ್ಟ. ಒಂದು ಅಗದೀ ಸೋವಿ. ನಿನ್ನ ಹಳೆಯ ಪ್ರೊಸೆಸರ್ ಅದರಲ್ಲಿ ಕೂರುತ್ತದೆ, ಆದರೆ ರ್ಯಾಮ್‌ಗೆ ಎರಡೇ ಮನೆ, ಇರುವ ಎರಡಕ್ಕೇ ಅದು ಭರ್ತಿ. "ವಿಮಾನದ ಆಟಕ್ಕ ರ್ಯಾಮ್ ಭಾಳ ಬೇಕ್ರಿ ಕಾಕೂ, ಮುಂದ ಕೂಡಿಸಾಕ ಜಾಗಾ ಇಲ್ಲ" ಎಂದು ಅವನೇ ಹೇಳಿದ. ಇನ್ನೊಂದು ಹೊಚ್ಚ ಹೊಸದು. ಬಟನ್ ಒತ್ತಿದ ಕೂಡಲೇ ಕೆಂಪು, ಹಸಿರು, ನೀಲಿ ದೀಪ ಹತ್ತಿ ಮದುವೆಯ ಹಂದರದಂತೆ ಆಯಿತು. ಅಂಗಡಿಯವರೆಲ್ಲ ನನ್ನ ಮುಖ ನೋಡುತ್ತಿದ್ದಾರೆ, ಖುಷಿಯಾಗಿ ಕೊಂಡುಬಿಡುತ್ತಾಳೆ ಎಂದು. ಆದರೆ ಅದಕ್ಕೆ ನಿನ್ನ ಪ್ರೊಸೆಸರ್ ಆಗುವುದಿಲ್ಲ, ರ್ಯಾಮ್ ಆಗುವುದಿಲ್ಲ, ಎಲ್ಲ ಹೊಸದಾಗಿ ಬೇಕು. ನಾನು ವಿಜಯನಿಗೆ ಕೇಳಿದೆ, ಹಾಸಿನ ನೂಲು ಮುಗಿಯಿತೆಂದು ಮಗ್ಗದೊಳಗಿನ ಹಳೆಯ ಎಳೆಗಳನ್ನೆಲ್ಲ ಯಾರಾದರೂ ಕಿತ್ತೊಗೆಯುತ್ತಾರೆಯೇ? ಅವುಗಳ ತುದಿಗೇ ಹೊಸ ಎಳೆ ಗಂಟು ಹಾಕಿ ನೇಯ್ಗೆ ಮುಂದುವರಿಸುವವರು ನಾವು.

ಮೂರನೆಯದು ಕರ್ರಗೆ, ದೀಪವಿಲ್ಲ, ಚಂದವೂ ಇಲ್ಲ. ಮನಸ್ಸು ಅದರ ಮೇಲೇ ಹೋಯಿತು. ನಿನ್ನ ಪ್ರೊಸೆಸರ್ ಹಾಗೇ ಕೂರುತ್ತದೆ, ನಾಳೆ ಅದೇ ಜಾತಿಯ ಇನ್ನೂ ಗಟ್ಟಿಯಾದದ್ದು ತಂದರೂ ಕೂರುತ್ತದೆ. ರ್ಯಾಮ್‌ಗೆ ನಾಲ್ಕು ಮನೆ. ಕರೆಂಟ್ ಬರುವ ಕಡೆ ಬಿಸಿ ಎಳೆದುಕೊಳ್ಳಲು ದಪ್ಪ ಲೋಹದ ಪಟ್ಟಿ ಕೂರಿಸಿದ್ದಾರೆ. ಹಿಂದೆ ಯುಎಸ್‌ಬಿ ಹಚ್ಚಲು ಎಂಟು ಕಿಂಡಿ. ಆದರೂ ಒಂದೇ ದಿನದಲ್ಲಿ ಕೊಳ್ಳಲಿಲ್ಲ. ನಮ್ಮ ಪೆಟ್ಟಿಗೆಯೊಳಗೆ ಹಿಡಿಸುತ್ತದೆಯೇ, ಸ್ಕ್ರೂ ಹಚ್ಚುವ ತೂತು ಕೂಡುತ್ತವೆಯೇ, ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಅಡ್ಡ ಬರುತ್ತದೆಯೇ ಎಂದು ಮೂರು ಸಲ ಬಸ್ಸು ಹತ್ತಿ ಹೋಗಿ ಕೇಳಿದೆ. ಮೂರನೆಯ ಸಲ ನನ್ನನ್ನು ದೂರದಿಂದ ನೋಡಿಯೇ ವಿಜಯ ಚಹಾ ಹೇಳಿ ಕಳಿಸಿದ. "ಕಾಕೂ, ಗಂಡ ನೋಡಾಕ ಬಂದವರೂ ಇಷ್ಟ ಕೇಳೂದಿಲ್ರಿ" ಎಂದ. ಗಂಡನ್ನು ನೋಡುವಾಗ ನಮ್ಮಪ್ಪ ಇಷ್ಟು ಕೇಳಿದ್ದರೆ ಚಲೋ ಇತ್ತು ಎಂದೆ. ಇದನ್ನು ನಿಮ್ಮಪ್ಪನ ಮುಂದೆ ಗಟ್ಟಿಯಾಗಿ ಓದಬೇಡ.

ಎಲ್ಲ ಕೇಳಿದ ಮೇಲೆ ಕೇಳಬೇಕಾದ್ದನ್ನು ಕೇಳಿದೆ: ಕಾಲಿಲ್ಲದೆ ವಿಮಾನ ಹಾರುತ್ತದೆಯೇ? ವಿಜಯ ಕಪಾಟಿನಿಂದ ಒಂದು ಜಾಯ್‌ಸ್ಟಿಕ್ ತೆಗೆದು, "ಹಿಡಿಕಿ ತಿರುವಿದ್ರ ಸಾಕ್ರಿ ಕಾಕೂ, ಪೆಡಲ್ ಮಾಡು ಕೆಲಸ ಎಲ್ಲಾ ಇದೇ ಮಾಡತೈತಿ" ಎಂದ. ಆ ಕರ್ರಗಿನ ಬೋರ್ಡನ್ನು ವಿಜಯನಿಂದಲೇ ಕೂರಿಸಿಕೊಂಡೆ, ಜೊತೆಗೆ ಅದೂ ಬಂತು. ನೀನು ಇದು ಆಟಿಕೆ, ಪೆಡಲ್ ತುಳಿದು ಹಾರಿಸಿದ್ದೇ ಖರೆ ಎನ್ನುತ್ತೀಯ, ಗೊತ್ತು. ನಿಮ್ಮಜ್ಜಿ ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದವಳು. ಪವರ್‌ಲೂಮ್ ಬಂದಾಗ ಅವಳೂ ಇದೇ ರಾಗ ತೆಗೆದಿದ್ದಳು, "ಕಾಲಿಂದ ತುಳೀದ ನೇಯ್ದದ್ದು ಅದೆಂಥಾ ಸೀರಿ?" ಎಂದು. ನಮ್ಮ ಮನೆಯಲ್ಲಿ ಯಾರೂ ತುಳಿಯದೆ ಮೂವತ್ತು ವರ್ಷವಾಯಿತು. ಸೀರೆ ನಿಂತಿದೆಯೇ? ಆ ಸೀರೆಗಳ ಮೇಲೇ ಬೆಳೆದವನು ನೀನು.

ನಿನ್ನೆ ಜ್ಞಾನೇಶ್ವರ, ಅದೇ ನಮ್ಮ ಮಗ್ಗಗಳ ಕರೆಂಟಿನ ಕೆಲಸ ಮಾಡುವವನು, ಒಳಕೋಣೆಯಲ್ಲಿ ಬೇರೆಯೇ ವೈರು ಎಳೆದು, ಸ್ಟೆಬಿಲೈಜರ್, ಯುಪಿಎಸ್ ಹಚ್ಚಿ ಕೊಟ್ಟ. ಮಗ್ಗದ ಧೂಳು ಅಲ್ಲಿಗೆ ಬರುವುದಿಲ್ಲ, ಬಾಗಿಲಿಗೆ ಹೊಸ್ತಿಲೂ ಇಲ್ಲ, ನಿನಗೆ ಎಡವುವ ಭಯವಿಲ್ಲ. ನಿಮ್ಮಜ್ಜಿ ಪೂಜೆ ಮಾಡದೆ ಚಾಲೂ ಮಾಡಬಾರದು ಎಂದು ಕುಂಕುಮ ಹಚ್ಚಿದಳು. ಆಮೇಲೆ ನೀರು ಚಿಮುಕಿಸಲು ತಂಬಿಗೆ ಎತ್ತಿದಳು ನೋಡು! ಹಾರಿ ಹೋಗಿ ಕೈ ಹಿಡಿದುಕೊಂಡೆ. ಚಾಲೂ ಆಯಿತು, ಒಂದೇ ಏಟಿಗೆ.

ಈಗ ಉಳಿದದ್ದು ನಿನ್ನ ಪಾಲಿನ ಕೆಲಸ. ಹೊಸ ಕಾಲು ಹಾಕಿಕೊಂಡು ನಡೆಯುವ ಅಭ್ಯಾಸವನ್ನು ನಾಲ್ಕು ದಿನದಿಂದ ಬಿಟ್ಟಿದ್ದೀಯೆಂದು ಅಲ್ಲಿಯ ಸಿಸ್ಟರ್ ನನಗೆ ಹೇಳಿದ್ದಾರೆ. ಅವರನ್ನು ಬೈಯಬೇಡ, ನಾನೇ ಗಂಟುಬಿದ್ದು ಕೇಳಿದ್ದು. ನೋಯುತ್ತದೆ ಎಂದು ಬಲ್ಲೆ. ನೋಯಲಿ, ಅತ್ತುಬಿಡು, ಬೇಕಾದರೆ ನನ್ನನ್ನು ಬೈಯುತ್ತಾ ನಡೆ, ಆದರೆ ನಡೆ. ಬರುವ ಸೋಮವಾರ ಗಾಡಿ ಮಾಡಿಕೊಂಡು ನಾನೇ ಬರುತ್ತೇನೆ. "ಬರಂಗಿಲ್ಲ" ಎಂದರೆ ಆಸ್ಪತ್ರೆಯ ಬಾಗಿಲಲ್ಲೇ ಹಾಸಿಕೊಂಡು ಕೂರುತ್ತೇನೆ. ನಿನ್ನ ಅವ್ವನ ಹಟ ನಿನಗೆ ಗೊತ್ತಿಲ್ಲದ್ದಲ್ಲ.

ಅಜ್ಜಿ ನಿನ್ನ ಫೋಟೋದ ಗಲ್ಲ ಸವರಿ, ದೃಷ್ಟಿ ತೆಗೆದು ಲಟಿಕೆ ಮುರಿದಿದ್ದಾಳೆ, ಜ್ಞಾನೇಶ್ವರನೂ ವಿಜಯನೂ ಕೇಳಿದ್ದಾರೆ. ಕಾಡಸಿದ್ಧೇಶ್ವರ ನಿನ್ನ ಬೆನ್ನಿಗಿರಲಿ, ನೂರು ವರ್ಷ ಬಾಳು ನನ್ನ ಮಗನೇ.

ನಿನ್ನ ಅವ್ವ,
ನಂದಾ

ತಾ.ಕ.: ಕರೆಂಟ್ ಬಂತು. ಕಾಗದ ಮಡಚುವ ಮೊದಲು ನೋಡಿಯೇ ಬಿಡೋಣ ಎಂದು ನಿನ್ನ ಕುರ್ಚಿಯ ಮೇಲೆ ಕುಳಿತೆ. ಎರಡೂ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿಕೊಂಡು. ವಿಜಯ ತೋರಿಸಿದಂತೆ ಜಾಯ್‌ಸ್ಟಿಕ್ ಹಿಡಿದು ಬೆಳಗಾವಿಯಿಂದ ವಿಮಾನ ಎಬ್ಬಿಸಿದೆ. ಮೂರು ಸಲ ಹೊಲಕ್ಕೆ ಬಿತ್ತು, ನಾಲ್ಕನೆಯ ಸಲ ಎದ್ದಿತು. ಕಾಲು ಒಮ್ಮೆಯೂ ಬಿಚ್ಚಲಿಲ್ಲ ತಮ್ಮಾ, ಒಮ್ಮೆಯೂ. ಗೋಕಾಕ ದಾಟಿರಬೇಕು, ಎಲ್ಲಿದ್ದೇನೋ ನನಗೇ ತಿಳಿಯದು. ಇಳಿಸಲು ಬರುತ್ತಿಲ್ಲ. ಮೇಲೆ ನಿಂತಲ್ಲೇ ನಿಲ್ಲಿಸಿ, ಸೇವ್ ಮಾಡಿ ಇಟ್ಟಿದ್ದೇನೆ. ಬಂದು ಇಳಿಸು.