ಕೆನೆ ಕಟ್ಟಿದ ಪೀಪಾಯಿ

ಪೀಪಾಯಿ ಕೋಣೆಯಿಂದ,
ಏಪ್ರಿಲ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಭಾವ ಇನ್ನೂ ಅಡುಗೆ ಕಲಿಯುತ್ತಿದ್ದಾರೋ, ಇಲ್ಲ ನಿನಗೆ ಬುದ್ಧಿ ಬಂದು ಸೌಟು ಕಿತ್ತುಕೊಂಡೆಯೋ? ಇಲ್ಲಿ ಅಮ್ಮ ಆರಾಮ. ಅಪ್ಪನ ಮೂಗಿನ ತುದಿಯ ಕೋಪವೂ ಕ್ಷೇಮ. ನನಗಂತೂ ಸುದ್ದಿ ಹೇಳುವ ಆತುರ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಕಳೆದ ಕೊಯ್ಲಿನಲ್ಲಿ ಅಪ್ಪ ಮೊದಲ ಸಲ ಒಂದು ತೊಟ್ಟಿ ದ್ರಾಕ್ಷಿರಸವನ್ನು ನನಗೆ ಒಪ್ಪಿಸಿದ್ದರು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ: ರಸ ಅರ್ಧ ಹುದುಗು ಬಂದಿರುವಾಗಲೇ ಸ್ಪಿರಿಟ್ ಸುರಿಯಬೇಕು, ಯೀಸ್ಟ್ ಸತ್ತು ಉಳಿದ ಸಕ್ಕರೆ ವೈನಿನಲ್ಲೇ ನಿಲ್ಲಬೇಕು. ನಾನು ಮಹಾ ಜಾಣೆ, ಸ್ಪಿರಿಟ್ ಸುರಿಯುವುದನ್ನೇ ಮರೆತು ದ್ರಾಕ್ಷಿ ತಂದ ಲಾರಿಯವನ ಜೊತೆ ಮರುದಿನದವರೆಗೂ ಜಗಳವಾಡಿದೆ. ಸೆಕೆ ಬೇರೆ. ಬಂದು ರುಚಿ ನೋಡಿದರೆ ಸಿಹಿಯ ಸುಳಿವೇ ಇಲ್ಲ. ಅಪ್ಪ ಕೆಂಡಾಮಂಡಲವಾಗಿ, ಎಲ್ಲವನ್ನೂ ಬಟ್ಟಿ ಇಳಿಸಿಬಿಡಿ ಎಂದರು. ಸಿಹಿಯಿಲ್ಲದ ವೈನ್ ಮಾಡೋಣವೆಂದು ಜಗಳವಾಡಿ ತಾನೇ ನೀನು ಅವರೊಂದಿಗೆ ಮಾತು ಬಿಟ್ಟು ಹೊರಟದ್ದು? ನಾನು ಎರಡು ಪೀಪಾಯಿಯಷ್ಟು ಕದ್ದಿಟ್ಟೆ. ಊಟಕ್ಕೆ ಕೂತಾಗಲೆಲ್ಲ ನೀನು ಹೇಳುತ್ತಿದ್ದಂತೆ ಸ್ಪಿರಿಟ್ ಸ್ವಲ್ಪವೇ ಹಾಕಿ, ಪೀಪಾಯಿಯ ಮೇಲ್ಭಾಗ ಖಾಲಿ ಬಿಟ್ಟೆ.

ಅಕ್ಕಾ, ಒಂದರಲ್ಲಿ ಕೆನೆ ಕಟ್ಟಿದೆ! ಹಾಲಿನ ಮೇಲೆ ಕಟ್ಟುವ ಹಾಗೆ ಬೆಳ್ಳಗೆ, ಸುಕ್ಕುಸುಕ್ಕಾಗಿ. ಅದು ಬದುಕಿರುವ ಯೀಸ್ಟ್, ಗಾಳಿ ತಾಗದಂತೆ ವೈನನ್ನು ಕಾಯುತ್ತದೆ ಎನ್ನುತ್ತಿದ್ದೆಯಲ್ಲ, ನಿಜ. ಕೆಳಗಿನ ವೈನಿಗೆ ಒಣಹುಲ್ಲಿನ ತಿಳಿಬಣ್ಣ, ಬಾದಾಮಿಯ ವಾಸನೆ, ನಾಲಿಗೆಗೆ ಖಡಕ್. ಇನ್ನೊಂದು ಪೀಪಾಯಿಗೆ ಕೈತಪ್ಪಿ ಸ್ಪಿರಿಟ್ ಜಾಸ್ತಿ ಬಿದ್ದಿತ್ತು. ಅಲ್ಲಿ ಕೆನೆಯೇ ಹುಟ್ಟಲಿಲ್ಲ, ಗಾಳಿ ತಾಗಿ ವೈನ್ ಕಂದಾಗುತ್ತಿದೆ, ಹುರಿದ ಬೀಜದ ಘಮ ಬರುತ್ತಿದೆ. ಒಂದೇ ತೊಟ್ಟಿಯ ರಸ, ಸ್ವಭಾವ ಮಾತ್ರ ಬೇರೆ ಬೇರೆ, ಥೇಟ್ ನಮ್ಮಿಬ್ಬರ ಹಾಗೆ.

ನಿನ್ನೆ ಅಪ್ಪನಿಗೆ ಗೊತ್ತಾಯಿತು. ಕೆಟ್ಟುಹೋಗಿದೆ ಎಂದು ಮೂಗು ಮುರಿಯುತ್ತಲೇ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ, "ದೊಡ್ಡವಳು ಹೇಳ್ತಿದ್ದದ್ದು ಇದನ್ನೇನಾ?" ಎಂದರು. ನೀನು ಹೋದ ಮೇಲೆ ಅವರ ಬಾಯಲ್ಲಿ ನಿನ್ನ ಸುದ್ದಿ ಬಂದದ್ದು ಇದೇ ಮೊದಲು. ಸಂತೋಷಕ್ಕೆ ನನಗೆ ಅಳುವೇ ಬಂತು. ಆದರೆ ಕೆನೆ ಅಂಚಿನಲ್ಲಿ ತೆಳ್ಳಗಾಗುತ್ತಿದೆ. ಅದು ಬದುಕಲು ಹೊಸ ವೈನ್ ಎಷ್ಟು ಸೇರಿಸಬೇಕು, ಯಾವಾಗ ಸೇರಿಸಬೇಕು, ಇಲ್ಲಿ ಯಾರಿಗೂ ತಿಳಿಯದು.

ಅಮ್ಮ ನಿಮ್ಮಿಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ಭಾವನಿಗೆ ನನ್ನ ನಮಸ್ಕಾರ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಟಪಾಲಿಗೆ ಹೊತ್ತಾಯಿತು, ಆದರೂ ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ. ಈ ಕಾಗದ ಬರೆಸುತ್ತಿರುವುದೇ ಅಪ್ಪ. "ಬಂದು ಕೆನೆ ಉಳಿಸಿಕೊಡು ಅಂತ ಬರಿ. ನಾನು ಹೇಳ್ದೆ ಅಂತ ಮಾತ್ರ ಬರೀಬೇಡ" ಎಂದು ಹೇಳಿ, ಲಕೋಟೆ ಅಂಟಿಸಲು ಬಾಗಿಲಲ್ಲೇ ಕಾಯುತ್ತಿದ್ದಾರೆ.